ಹತ್ತನೆಯ ಹಾಲಿನ ಕ್ಯಾನು

ಯುದ್ಧವಿಮಾನಕ್ಕೆ ಬಣ್ಣ ಹಚ್ಚುವವಳಿಗೆ ವಿಮಾನದ ಬಗ್ಗೆ ಏನು ಗೊತ್ತಿರುತ್ತದೆ ಎಂದು ಕೇಳುವವರಿಗೆ ಉತ್ತರ ಕೊಡುವುದನ್ನು ನಾನು ಬಿಟ್ಟು ಬಹಳ ಕಾಲವಾಯಿತು. ಮೂವತ್ತಾರು ವರ್ಷ ನೌಕಾಪಡೆಯ ದುರಸ್ತಿ ಶೆಡ್ಡಿನಲ್ಲಿ ರೆಕ್ಕೆಯ ಮೇಲೆ ‘ಇಲ್ಲಿ ಕಾಲಿಡಬೇಡಿ’ ಎಂದೂ, ಮೂತಿಯ ಮೇಲೆ ಅಂಕಿಯನ್ನೂ, ಬಾಲದ ಮೇಲೆ ಪಟ್ಟೆಯನ್ನೂ ಬರೆದವಳು ನಾನು. ವಿಮಾನದ ಯಾವ ತಗಡು ಹುಟ್ಟಿನಿಂದ ಅದರದ್ದು, ಯಾವುದು ಇನ್ನೊಂದರಿಂದ ಕಿತ್ತು ಕೂರಿಸಿದ್ದು ಎನ್ನುವುದು ಬಣ್ಣ ಉಜ್ಜುವವಳ ಕೈಗೆ ಮೊದಲು ತಿಳಿಯುತ್ತದೆ, ಕಾಗದಗಳಿಗೆ ಆಮೇಲೆ. ಶೆಡ್ಡಿನವರು ನನ್ನನ್ನು ಬಣ್ಣದಕ್ಕ ಎನ್ನುತ್ತಿದ್ದರು. ನಿವೃತ್ತಿಯಾಗಿ ಮೂರು ವರ್ಷವಾದರೂ ಆ ಹೆಸರು ಹೋಗಲಿಲ್ಲ, ನನ್ನ ಬಾಯಿಯ ಜೋರೂ ಕಡಿಮೆಯಾಗಲಿಲ್ಲ.

ಬಂದರಿನ ಹಳೆಯ ಗೋದಾಮಿನಲ್ಲಿ ವಸ್ತುಸಂಗ್ರಹಾಲಯ ಮಾಡುತ್ತಿದ್ದೇವೆ, ಗುಜರಿಗೆ ಹೋಗಬೇಕಿದ್ದ ಜೆಟ್ ಒಂದು ಸಿಕ್ಕಿದೆ, ಅದನ್ನು ಹೊಸದರಂತೆ ಮಾಡಿಕೊಡಿ ಎಂದು ಅಲ್ಲಿನ ಮ್ಯಾನೇಜರಮ್ಮ ಫೋನು ಮಾಡಿದರು. ಹೋಗಿ ನೋಡಿದೆ. ಗಾಳಿಯಿಲ್ಲದ ಚಕ್ರ, ಕಾಗೆ ಹಿಕ್ಕೆ, ಮುರಿದ ಗಾಜು. ಆದರೂ ಕಂಡ ಕೂಡಲೇ ಗುರುತು ಹಿಡಿದೆ. ಅದು ನಮ್ಮ ಎಮ್ಮೆ.

ಎಮ್ಮೆ ಅಂದರೆ ಏನು ಎಂದು ಹೇಳಿಬಿಡುತ್ತೇನೆ. ಹಡಗಿನ ಮೇಲಿಂದ ಹಾರಿ, ಬಾಂಬು ಹಾಕಿ, ಮತ್ತೆ ಆ ಹಡಗಿನ ಮೇಲೇ ಬಂದಿಳಿಯುವ ಜೆಟ್ ಅದು. ವಿಮಾನ ಒಂದೇ, ಅವತಾರ ನಾಲ್ಕು. ಒಂದನೇ ಮಾದರಿ ಮೋಡವಿಲ್ಲದ ಹಗಲಿಗೆ ಮಾತ್ರ ಲಾಯಕ್ಕು. ಎರಡನೆಯದಕ್ಕೆ ರೇಡಾರ್ ತುಂಬಿದ ಊದಿದ ಮೂತಿ, ಮೋಡ ಮಳೆ ಯಾವುದನ್ನೂ ಲೆಕ್ಕಿಸುತ್ತಿರಲಿಲ್ಲ. ಪದಕಗಳೆಲ್ಲ ಬಂದದ್ದು ಅದನ್ನು ಹಾರಿಸಿದವರಿಗೆ. ಮೂರನೆಯದರಲ್ಲಿ ಎರಡು ಸೀಟು, ಕಲಿಯುವವರಿಗಾಗಿ. ನಾಲ್ಕನೆಯದು ಬೇರೇನಲ್ಲ, ವಯಸ್ಸಾದ ಎರಡನೇ ಮಾದರಿಯೇ. ಅದರ ಬಾಂಬಿನ ಕೊಂಡಿಗಳನ್ನು ಕಿತ್ತು, ಹೊಟ್ಟೆಯಲ್ಲಿ ಉದ್ದದ ಕೊಳವೆ ಸುತ್ತಿದ ಉರುಳೆ ಕೂರಿಸಿ, ಮೈತುಂಬ ಇಂಧನ ತುಂಬಿ ಮೇಲಕ್ಕೆ ಕಳಿಸುತ್ತಿದ್ದರು. ಇಂಧನ ತೀರಿದ ವಿಮಾನಗಳು ಹಾರುತ್ತಲೇ ಬಂದು ಕೊಳವೆಗೆ ಬಾಯಿ ಹಚ್ಚಿ ಕುಡಿದು ಹೋಗುತ್ತಿದ್ದವು. ಅದಕ್ಕೇ ಹಡಗಿನವರು ಇಟ್ಟ ಹೆಸರು ಎಮ್ಮೆ. ಎಮ್ಮೆಗೆ ಬಾಂಬಿಲ್ಲ, ಪದಕವಿಲ್ಲ, ಅದನ್ನು ಹಾರಿಸಿದವರನ್ನು ಕೇಳುವವರೂ ಇಲ್ಲ.

ಅದನ್ನು ಹಾರಿಸಿದವರು ನನ್ನ ಭಾವ, ಅಕ್ಕನ ಗಂಡ.

ಬಾಂಬು ಹಾಕಿ ಬಂದವರು ಪ್ರತಿ ಸಲವೂ ಮೂತಿಯ ಪಕ್ಕ ಒಂದು ಪುಟ್ಟ ಬಾಂಬಿನ ಚಿತ್ರ ಬರೆಸಿಕೊಳ್ಳುತ್ತಿದ್ದರು. ಭಾವನ ವಿಮಾನಕ್ಕೆ ನಾನು ಹೆಬ್ಬೆರಳಿನಷ್ಟು ದೊಡ್ಡ ಹಾಲಿನ ಕ್ಯಾನು ಬರೆಯುತ್ತಿದ್ದೆ. ದಿನನಿತ್ಯ ಕುಡಿಸಿದ್ದಕ್ಕೆಲ್ಲ ಕ್ಯಾನು ಇಲ್ಲ. ಕುಡಿಸದಿದ್ದರೆ ಸಮುದ್ರಕ್ಕೆ ಬೀಳುತ್ತಿತ್ತು ಎನ್ನುವಂಥ ವಿಮಾನಕ್ಕೆ ಮಾತ್ರ. ಆ ಲೆಕ್ಕದಲ್ಲಿ ಭಾವ ಬಲು ಕಟ್ಟುನಿಟ್ಟು. ನಾಲ್ಕು ವರ್ಷದಲ್ಲಿ ಬರೆಸಿದ್ದು ಏಳು.

ಆಮೇಲೊಂದು ಸಲ ಹಡಗು ಬಂದರಿಗೆ ಬಂದಾಗ, ಈ ಸಲ ಮೂರು ಬರೀಬೇಕು ಎಂದರು. ಎರಡು ಬರೆದು ಮುಗಿಸಿ ಮೂರನೆಯದಕ್ಕೆ ಕುಂಚ ಅದ್ದುತ್ತಿದ್ದೆ. ಹೊರಟು ಹೋಗಿದ್ದ ಭಾವ ಅರ್ಧ ದಾರಿಯಿಂದ ವಾಪಸ್ಸು ಬಂದು ನನ್ನ ಮಣಿಕಟ್ಟು ಹಿಡಿದುಕೊಂಡರು. ಅದು ಬೇಡ, ಒಬ್ಬರಿಗೆ ಮಾತು ಕೊಟ್ಟಿದ್ದೇನೆ, ಬಾಯಿ ತಪ್ಪಿ ಮೂರು ಅಂದೆ ಎಂದರು. ಯಾರಿಗೆ ಎಂದು ಹೇಳಲಿಲ್ಲ. ನಾನೂ ಕೇಳಲಿಲ್ಲ, ಆಗ ನನ್ನ ಬಾಯಿ ಇಷ್ಟು ಬೆಳೆದಿರಲಿಲ್ಲ. ಮರುವರ್ಷ ದೊಡ್ಡ ತಪಾಸಣೆ ಬಂತು. ಇದೇನು ಮಕ್ಕಳಾಟ ಎಂದು ಮೇಲಿನವರು ಮೂತಿಗೆಲ್ಲ ಬೂದು ಬಣ್ಣ ಬಳಿಸಿದರು. ಬಳಿದವಳು ನಾನೇ. ಈಗ ನೆನೆಸಿಕೊಂಡರೂ ಮೈ ಉರಿಯುತ್ತದೆ.

ಇದೆಲ್ಲ ಮೂವತ್ತೈದು ವರ್ಷದ ಹಿಂದಿನ ಮಾತು. ಈಗ ವಸ್ತುಸಂಗ್ರಹಾಲಯದ ಸಮಿತಿಗೆ ಅಧ್ಯಕ್ಷರು ಮೀಸೆ ಸಾಹೇಬರು. ಆಗ ಅವರೂ ಅದೇ ಹಡಗಿನಲ್ಲಿ ಎರಡನೇ ಮಾದರಿ ಹಾರಿಸುತ್ತಿದ್ದವರು. ಬೇರೆ ಯಾರೂ ಹೋಗದಷ್ಟು ದೂರ ಹೋಗಿ, ಗುರಿಗೆ ಹೊಡೆದು, ಯಾರ ನೆರವೂ ಇಲ್ಲದೆ ಒಂಟಿಯಾಗಿ ವಾಪಸ್ಸು ಬಂದರೆಂದು ಪದಕ ಪಡೆದವರು. ಆ ದಿನ ಅವರು ಹಾರಿಸಿದ ವಿಮಾನದ ಸಂಖ್ಯೆ ಎರಡು ಒಂದು ಏಳು, ನಮ್ಮ ಶೆಡ್ಡಿನಲ್ಲಿ ಎಲ್ಲರಿಗೂ ಬಾಯಿಪಾಠ. ಅವರು ನನಗೆ ಹೇಳಿದ ಕೆಲಸ ಸುಲಭದ್ದು. ಎಮ್ಮೆಯ ಹೊಟ್ಟೆಯಿಂದ ಉರುಳೆ ತೆಗೆಸಬೇಕು, ರೆಕ್ಕೆಗೆ ಮರದ ಬಾಂಬು ಆರು ನೇತುಹಾಕಬೇಕು, ಮೂತಿಯ ಮೇಲೆ ಎರಡು ಒಂದು ಏಳು ಎಂದು ಬರೆಯಬೇಕು.

ಇದು ನಾಲ್ಕನೇ ಮಾದರಿ, ಎರಡನೆಯದಲ್ಲ ಎಂದೆ. ಅವರು ನಕ್ಕರು. ಮಾರ್ಪಾಡು ಮಾಡುವ ಮೊದಲು ಇದು ಎರಡನೆಯದೇ ಆಗಿತ್ತಲ್ಲವೇ, ನಾವೇನು ಸುಳ್ಳು ಹೇಳುತ್ತಿಲ್ಲ ಎಂದರು.

"ಹುಟ್ಟಿದ್ದು ಎರಡನೇದಾಗಿ, ಅಷ್ಟೇ ತಾನೆ ಬೇಕಾಗಿರೋದು," ಎಂದರು.

"ನಾನೂ ಹುಟ್ಟಿದ್ದು ಕೂಸಾಗಿ ಸಾಹೇಬ್ರೆ. ಹಾಗಂತ ಈಗ ತೊಟ್ಟಿಲಲ್ಲಿ ಮಲಗ್ಲಾ?"

ಮ್ಯಾನೇಜರಮ್ಮ ಕೆಮ್ಮಿ ನಗು ನುಂಗಿಕೊಂಡರು. ಸಾಹೇಬರಿಗೆ ನುಂಗಿಕೊಳ್ಳಲು ನಗುವೇ ಇರಲಿಲ್ಲ. ಹಾಲಿನ ಕ್ಯಾನುಗಳ ವಿಷಯ ತೆಗೆದೆ. ಬೂದು ಬಣ್ಣದ ಕೆಳಗೆ ಅವು ಇರಬೇಕು, ಉಜ್ಜಿದರೆ ಸಿಗಬಹುದು ಎಂದೆ. ಅವರು ಮೀಸೆ ತೀಡಿಕೊಂಡು, ಆ ಹಡಗಿನಲ್ಲಿ ತಾವೂ ಇದ್ದವರು, ಅಂಥ ಕ್ಯಾನು ಗೀನು ತಾವಂತೂ ಯಾವತ್ತೂ ನೋಡಿಲ್ಲ ಎಂದು ಖಡಾಖಂಡಿತವಾಗಿ ಹೇಳಿದರು. ದೊಡ್ಡ ಪೈಲಟ್ಟಿಗೆ ಎಮ್ಮೆಯ ಮೂತಿ ಯಾಕೆ ಕಂಡೀತು ಎಂದುಕೊಂಡು ನಾನು ಸುಮ್ಮನಾದೆ.

ಆದರೆ ಉಜ್ಜುವುದನ್ನು ಬಿಡಲಿಲ್ಲ. ನಮ್ಮ ಕೆಲಸದಲ್ಲಿ ಒಂದು ಕ್ರಮವಿದೆ. ಹಳೆಯ ಬಣ್ಣವನ್ನು ಒಂದೇ ಸಲ ಕೆರೆದು ಹಾಕುವುದಿಲ್ಲ. ನೀರು ಹಚ್ಚಿದ ಉಜ್ಜುಕಾಗದದಿಂದ ಅಂಗೈಯಗಲದ ಜಾಗವನ್ನು ಪದರ ಪದರವಾಗಿ ಇಳಿಸುತ್ತಾ ಹೋದರೆ, ಒಂದೊಂದು ಕಾಲದ ಬಣ್ಣ ಒಂದೊಂದು ಉಂಗುರವಾಗಿ ಕಾಣುತ್ತದೆ. ಮೂರು ದಿನ ಉಜ್ಜಿದೆ. ಕಡು ಬೂದು, ತಿಳಿ ಬೂದು, ಅದರ ಕೆಳಗೆ ಬಿಳಿಯ ಒಂದು ಚೂರು. ಕ್ಯಾನಿನ ಹಿಡಿ. ನನ್ನ ಕೈಯದೇ ಗೆರೆ, ಬಲಕ್ಕೆ ಸ್ವಲ್ಪ ವಾಲಿದ್ದು. ಗೋದಾಮಿನಲ್ಲಿ ಒಬ್ಬಳೇ ಕುಳಿತು ಅತ್ತೆ, ಸುಳ್ಳು ಯಾಕೆ ಹೇಳಲಿ. ಒಟ್ಟು ಐದರ ಗುರುತು ಸಿಕ್ಕಿತು. ಉಳಿದವನ್ನು ಯಾವನೋ ಅವಸರಗಾರ ಬರಿಯ ತಗಡು ಕಾಣುವವರೆಗೆ ಕೆರೆದಿದ್ದ. ಎಷ್ಟಿದ್ದವು ಎಂದು ಆ ತಗಡು ನೋಡಿ ಇನ್ನು ಯಾರೂ ಹೇಳುವಂತಿರಲಿಲ್ಲ.

ಅಷ್ಟರಲ್ಲಿ ಬಡಗಿ ಆರು ಮರದ ಬಾಂಬುಗಳನ್ನು ತಳ್ಳುಗಾಡಿಯಲ್ಲಿ ತಂದಿಳಿಸಿದ. ಎಲ್ಲಿ ನೇತುಹಾಕುವುದು ಎಂದು ಕೇಳಿದ. ರೆಕ್ಕೆಯ ಕೆಳಗೆ ಕರೆದುಕೊಂಡು ಹೋಗಿ, ಕೊಂಡಿ ಕಿತ್ತು ರಿವೆಟ್ ಹೊಡೆದು ಮುಚ್ಚಿದ ತೂತುಗಳನ್ನು ತೋರಿಸಿದೆ. ಮತ್ತೆ ಬಾಂಬು ತೂಗಬೇಕೆಂದರೆ ಅವನ್ನು ಕೊರೆಯಬೇಕು, ಕೊರೆಯುವವನು ಮೊದಲು ನನ್ನನ್ನು ಕೊರೆಯಲಿ ಎಂದೆ. ಬಡಗಿ ಬುದ್ಧಿವಂತ. ಡ್ರಿಲ್ ಮನೆಯಲ್ಲೇ ಮರೆತು ಬಂದೆ ಎಂದ, ಅದು ಅವನ ಚೀಲದಿಂದ ಇಣುಕುತ್ತಿದ್ದರೂ. ಆ ಮಧ್ಯಾಹ್ನ ಇಬ್ಬರೂ ಒಂದೊಂದು ಬಾಂಬಿನ ಮೇಲೆ ಕುಳಿತು ಚಹಾ ಕುಡಿದೆವು.

ಗುರುವಾರ ಸಮಿತಿಯಿಂದ ಪತ್ರ ಬಂತು. ಶನಿವಾರ ಮಧ್ಯಾಹ್ನ ಸಮಿತಿಯವರು ನೋಡಲು ಬರುತ್ತಾರೆ, ಅಷ್ಟರೊಳಗೆ ವಿಮಾನ ಎರಡನೇ ಮಾದರಿಯಾಗಿರಬೇಕು, ಇಲ್ಲವಾದರೆ ಬೇರೆಯವರಿಂದ ಮಾಡಿಸುತ್ತೇವೆ ಎಂದಿತ್ತು. ಮಾಡಿಸಲಿ ಎಂದೆ. ಮ್ಯಾನೇಜರಮ್ಮ ತಲೆ ಚಚ್ಚಿಕೊಂಡರು. ಸೋಮವಾರ ಉದ್ಘಾಟನೆ, ಈ ಅಕ್ಷರಗಳನ್ನು ಸರಿಯಾಗಿ ಬರೆಯುವವರು ಊರಲ್ಲಿ ಇನ್ನೊಬ್ಬರಿಲ್ಲ, ನಿಮ್ಮಿಬ್ಬರ ಜಗಳದಲ್ಲಿ ನಾನು ಬಡವಾಗುತ್ತಿದ್ದೇನೆ ಎಂದು ಗೋಳಾಡಿದರು. ಪಾಪ, ಅವರ ತಪ್ಪೇನೂ ಇರಲಿಲ್ಲ. ಆದರೂ ನಾನು ಸೋಲುವವಳಲ್ಲ. ಈ ವಿಮಾನದ ಮೇಲೆ ಎರಡು ಒಂದು ಏಳು ಎಂದು ಒಮ್ಮೆ ಬಿದ್ದರೆ, ಭಾವ ಆಕಾಶದಲ್ಲಿ ಕಳೆದ ವರ್ಷಗಳು ಇನ್ನೆಲ್ಲೂ ಉಳಿಯುವುದಿಲ್ಲ. ಎಮ್ಮೆಗಳಲ್ಲಿ ಉಳಿದದ್ದು ಇದೊಂದೇ, ಮಿಕ್ಕವೆಲ್ಲ ಕರಗಿ ತಪ್ಪಲೆಯಾಗಿ ಹೋಗಿವೆ.

ಸಂಜೆ ಅಕ್ಕನ ಮನೆಗೆ ಹೋದೆ. ಭಾವನಿಗೆ ಈಗ ಎಪ್ಪತ್ತೆಂಟು. ಮಂಡಿ ಹೋಗಿದೆ, ಕಣ್ಣು ಗಟ್ಟಿ. ಕಿಟಕಿಯ ಹತ್ತಿರ ಕುಳಿತು ಪೇಪರಿನ ಪದಬಂಧ ತುಂಬಿಸುತ್ತಿದ್ದರು. ಎಲ್ಲ ಹೇಳಿದೆ. ಕ್ಯಾನಿನ ಗುರುತು ಸಿಕ್ಕಿತೆಂದಾಗ ಅವರ ಪೆನ್ಸಿಲ್ ನಿಂತಿತು. ಆದರೆ ಬಾಯಲ್ಲಿ ಬಂದದ್ದು, ಬಾಂಬು ಬೇಕಾದರೆ ಹಾಕಿಕೊಳ್ಳಲಿ ಬಿಡು, ಯಾರಿಗೇನು ನಷ್ಟ ಎನ್ನುವ ಮಾತು. ನನಗೆ ತಡೆಯಲಾಗಲಿಲ್ಲ. ನಷ್ಟ ನಿಮಗೆ, ಅಕ್ಕನಿಗೆ, ಕುಂಚ ಹಿಡಿದ ನನಗೆ ಎಂದು ಜೋರು ಮಾಡಿದೆ. ಬಾಂಬು ಹಾಕಲು ಬಿಡುವುದಿಲ್ಲ, ಕ್ಯಾನುಗಳನ್ನೇ ಬರೆಯುತ್ತೇನೆ, ಬರೆದರೆ ಹತ್ತೂ ಬರೆಯುತ್ತೇನೆ ಎಂದೆ.

ಭಾವ ಪೇಪರು ಮಡಚಿಟ್ಟರು.

"ಒಂಬತ್ತು ಬರಿ," ಎಂದರು. "ಹತ್ತನೇದು ಬೇಡ."

"ಹತ್ತು ಜನ ಕುಡಿದಿದ್ದು ನಿಜ ತಾನೆ ಭಾವ?"

"ನಿಜಾನೇ. ಆದ್ರೆ ಮಾತು ಕೊಟ್ಟಿದೀನಿ ಕಣಮ್ಮ. ಬರೆದ್ರೆ ನಾನೇ ಹೇಳಿಕೊಟ್ಟೆ ಅಂತ ಆಗುತ್ತೆ."

ಆ ಮನುಷ್ಯ ಯಾರು ಎಂದು ಮೂವತ್ತೈದು ವರ್ಷದಲ್ಲಿ ಮೊದಲ ಸಲ ಕೇಳಿದೆ. ಯಾರೋ ಒಬ್ಬ, ಬದುಕಿದ್ದಾನೆ, ಅಷ್ಟು ಸಾಕು ಎಂದರು. ಬರೆದೇ ಬರೆಯುತ್ತೇನೆ ಎಂದು ನಾನು ಹಟ ಹಿಡಿದೆ. ಹಾಗಿದ್ದರೆ ಇನ್ನು ಮೇಲೆ ಈ ಮನೆಯಲ್ಲಿ ನನ್ನ ಹತ್ತಿರ ಮಾತಾಡಬೇಡ ಎಂದು ಹೇಳಿ ಭಾವ ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿಕೊಂಡರು. ಕೂಗಾಡಿದ್ದರೆ ನಾನೂ ಕೂಗಾಡುತ್ತಿದ್ದೆ. ಅವರು ಮೆತ್ತಗೆ ಹೇಳಿದ್ದರಿಂದ ಎದ್ದು ಹೊರಟೆ.

ಚಪ್ಪಲಿ ಮೆಟ್ಟಿಕೊಳ್ಳುವಾಗ ಅಕ್ಕ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಾಗಿಲ ತನಕ ಬಂದಳು. ನಮ್ಮಕ್ಕ ಹೆಚ್ಚು ಮಾತಿನವಳಲ್ಲ. ಗಂಡ ಹಡಗಿನಲ್ಲಿದ್ದ ಅಷ್ಟೂ ವರ್ಷ ಬಾಗಿಲಿಗೆ ಯಾರು ಬಂದರೂ ಕೆಟ್ಟ ಸುದ್ದಿ ತಂದರೇನೋ ಎಂದು ಮೊದಲು ಅವರ ಮುಖ ನೋಡಿ, ಆಮೇಲೆ ಉಸಿರು ಬಿಟ್ಟವಳು.

"ಮಾತು ಕೊಟ್ಟಿದ್ದು ಅವರು," ಎಂದಳು. "ನಾನು ಕೊಟ್ಟಿಲ್ಲ, ನೀನೂ ಕೊಟ್ಟಿಲ್ಲ. ಬರಿ ಹೋಗು."

ಶುಕ್ರವಾರವೆಲ್ಲ ಮೂತಿಗೆ ತಿಳಿ ಬೂದು ಹೊಡೆದೆ. ಶನಿವಾರ ಬೆಳಿಗ್ಗೆ ಕ್ಯಾನುಗಳಿಗೆ ಕೂತೆ. ಹಳೆಯ ಐದರ ಗುರುತನ್ನು ಕಾಗದದಲ್ಲಿ ಇಳಿಸಿಕೊಂಡಿದ್ದೆ, ಅದೇ ಅಳತೆ, ಅದೇ ಅಂತರ. ಹತ್ತನ್ನೂ ಒಂದೇ ಬಟ್ಟಲಿನ ಬಿಳಿಯಲ್ಲಿ, ಒಂದೇ ಕುಂಚದಲ್ಲಿ ಬರೆದೆ. ಕೈ ಮೊದಲಿನಂತಿಲ್ಲ, ಉಸಿರು ಬಿಗಿಹಿಡಿದು ಒಂದೊಂದು ಗೆರೆ ಎಳೆಯಬೇಕು. ಒಂಬತ್ತು ಮುಗಿದಾಗ ಒಂದು ಗಳಿಗೆ ನಿಂತೆ. ಮಣಿಕಟ್ಟು ಹಿಡಿಯಲು ಈ ಸಲ ಯಾರೂ ಬರಲಿಲ್ಲ. ಹತ್ತನೆಯದನ್ನೂ ಬರೆದೆ. ಭಾವ ಮತ್ತೆ ಮಾತಾಡದಿದ್ದರೆ ಏನು ಮಾಡುವುದು ಎನ್ನುವ ಸಂಕಟ ಇದ್ದೇ ಇತ್ತು. ಇದ್ದರೂ ಬರೆದೆ.

ಮಧ್ಯಾಹ್ನ ಸಮಿತಿಯವರು ಬಂದರು. ಮುಂದೆ ಮೀಸೆ ಸಾಹೇಬರು, ಹಿಂದೆ ಮ್ಯಾನೇಜರಮ್ಮ, ಅವರ ಹಿಂದೆ ಇನ್ನಿಬ್ಬರು ಸದಸ್ಯರು. ಹೊಟ್ಟೆಯಲ್ಲಿ ಉರುಳೆ ಹಾಗೇ ಇತ್ತು. ಕೊಳವೆಯ ತುದಿಯಲ್ಲಿ ವಿಮಾನಗಳು ಬಾಯಿ ಹಚ್ಚುವ ಬುಟ್ಟಿಗೆ ಕೆಂಪು ಹಚ್ಚಿದ್ದೆ. ಬಾಂಬುಗಳು ಗೋಡೆಯ ಪಕ್ಕ ಸಾಲಾಗಿ ಮಲಗಿದ್ದವು. ಸಾಹೇಬರ ಮುಖ ಕೆಂಪಾಯಿತು. ಪತ್ರ ಓದಲು ಬರುವುದಿಲ್ಲವೇ ಎಂದರು. ಓದಿದೆ, ಒಪ್ಪಲಿಲ್ಲ ಎಂದೆ. ಇದು ಎಮ್ಮೆಯಾಗಿ ಕೊನೆಯ ಸಲ ಇಳಿದದ್ದು, ಎಮ್ಮೆಯಾಗಿಯೇ ನಿಲ್ಲುತ್ತದೆ, ನನ್ನನ್ನು ಕಳಿಸುವುದಾದರೆ ಈಗಲೇ ಕಳಿಸಿ, ಆದರೆ ನಾನು ಬರೆದದ್ದನ್ನು ಕೆರೆಯುವವರು ನನ್ನ ಎದುರಿಗೇ ಕೆರೆಯಲಿ ಎಂದೆ.

ಸಾಹೇಬರ ಕಣ್ಣು ಮೂತಿಯ ಮೇಲಿತ್ತು. ಎರಡು ಹೆಜ್ಜೆ ಮುಂದೆ ಬಂದರು. ತುಟಿ ಅಲ್ಲಾಡುತ್ತಿತ್ತು. ಎಡದಿಂದ ಬಲಕ್ಕೆ ಒಮ್ಮೆ ನೋಡಿದರು, ಬಲದಿಂದ ಎಡಕ್ಕೆ ಇನ್ನೊಮ್ಮೆ.

"ಒಂದು ಜಾಸ್ತಿ ಇದೆ," ಎಂದರು. "ಇದ್ದಿದ್ದು ಒಂಬತ್ತು."

ಮ್ಯಾನೇಜರಮ್ಮನಿಗೆ ಕಪಟ ಗೊತ್ತಿಲ್ಲ, ಬಾಯಿಗೆ ಬಂದದ್ದನ್ನು ಕೇಳಿಬಿಟ್ಟರು.

"ಸರ್, ನೀವು ಇವನ್ನ ನೋಡೇ ಇಲ್ಲ ಅಂದಿದ್ರಲ್ಲ?"

ನನಗೆ ಆಗ ತಿಳಿಯಿತು. ಕಾಲಿನಿಂದ ತಲೆಯವರೆಗೆ ಒಂದೇ ಸಲಕ್ಕೆ ತಿಳಿಯಿತು. ಕ್ಯಾನುಗಳು ಎಷ್ಟೆಂದು ನೆನಪಿಟ್ಟುಕೊಳ್ಳಬೇಕಾದವರು ಈ ಭೂಮಿಯ ಮೇಲೆ ಭಾವ, ನಾನು, ಅಕ್ಕ, ಮತ್ತೆ ಇನ್ನೊಬ್ಬ. ನಾನು ಯಾರಿಗೂ ಬಲೆ ಬೀಸಿರಲಿಲ್ಲ. ಹಟಕ್ಕೆ ಬರೆದಿದ್ದೆ, ಅಷ್ಟೇ.

ಸಾಹೇಬರು ಗೋಡೆಯ ಕಡೆ ಹೋಗಿ ಮರದ ಬಾಂಬೊಂದರ ಮೇಲೆ ಕುಳಿತರು. ಮೀಸೆಯ ಹಿಂದಿನ ಮುಖ ಇಷ್ಟು ಮುದಿಯಾಗಿದೆ ಎಂದು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

"ದಿನಾ ಎಣಿಸ್ತಿದ್ದೆ," ಎಂದರು. "ಡೆಕ್ ಮೇಲೆ ಬಂದ ಕೂಡ್ಲೇ ಮೊದಲ ಕೆಲಸ ಅದು. ಇವತ್ತು ಹತ್ತಾಗಿರುತ್ತೇನೋ ಅಂತ. ಬೂದು ಬಣ್ಣ ಬಳಿದ ದಿನ ಕಣ್ತುಂಬ ನಿದ್ದೆ ಮಾಡಿದೆ."

ಉಳಿದದ್ದನ್ನು ತುಂಡು ತುಂಡಾಗಿ ಹೇಳಿದರು. ಪದಕದ ಆ ದಿನ, ವಾಪಸ್ಸು ತಿರುಗಬೇಕಾದ ಗಡಿ ದಾಟಿದ್ದು ಗೊತ್ತಿದ್ದೂ ಮುಂದೆ ಹೋಗಿದ್ದರು. ಗುರಿ ಸಿಕ್ಕಿತು, ಇಂಧನ ಮುಗಿಯಿತು. ಹಡಗಿಗೆ ಕೇಳಿಸದ ಹಾಗೆ ರೇಡಿಯೋದಲ್ಲಿ ಭಾವನನ್ನು ಕರೆದು ಅಂಗಲಾಚಿದ್ದರು. ಭಾವ ತಮ್ಮ ಜಾಗ ಬಿಟ್ಟು ಅಷ್ಟು ದೂರ ಹೋಗಿ ಕುಡಿಸಿ ಬಂದರು. ಭಾವ ಹಡಗು ಮುಟ್ಟುವಾಗ ಅವರ ಟ್ಯಾಂಕಿನಲ್ಲಿ ಇನ್ನೊಂದು ಸುತ್ತು ಹೊಡೆಯುವಷ್ಟೂ ಉಳಿದಿರಲಿಲ್ಲ. ಇಂಧನ ಎಲ್ಲಿ ಹೋಯಿತು ಎಂದು ಮೇಲಿನವರು ಕೇಳಿದಾಗ ಕೊಳವೆ ಸೋರಿತು ಎಂದು ಬರೆದುಕೊಟ್ಟು, ತಪ್ಪಿತಸ್ಥನಂತೆ ನಿಂತು ಬೈಸಿಕೊಂಡರು. ಕುಡಿಸಿದ್ದು ಯಾರಿಗೂ ಗೊತ್ತಾಗಬಾರದು ಎಂದು ಸಾಹೇಬರು ಭಾವನಿಂದ ಮಾತು ತೆಗೆದುಕೊಂಡಿದ್ದರು. ಒಂಟಿಯಾಗಿ ವಾಪಸ್ಸು ಬಂದ ವೀರ ಎಂದು ಸಾಹೇಬರಿಗೆ ಪದಕ ಬಂತು.

ನನಗೆ ಕನಿಕರ ಬರಲಿಲ್ಲ. ಬರಬೇಕಿತ್ತೇನೋ. ತಾನು ಹಾಲು ಕುಡಿದ ಎಮ್ಮೆಯ ಮೈಮೇಲೆ ತನ್ನ ನಂಬರು ಬರೆಸಲು ಹೊರಟಿದ್ದ ಮನುಷ್ಯ ಎಂದು ನೆನೆದು ಸಿಟ್ಟು ಇನ್ನೂ ಹೆಚ್ಚಾಯಿತು.

ಸಾಹೇಬರು ತಲೆ ಎತ್ತಿ, ನಿಮ್ಮ ಭಾವ ಕೊನೆಗೂ ಹೇಳಿಬಿಟ್ಟರಾ ಎಂದು ಕೇಳಿದರು.

"ಅವರು ಹೇಳಲಿಲ್ಲ," ಎಂದೆ. "ಹೆಸರು ಕೇಳಿದ್ರೂ ಬಾಯಿ ಬಿಡಲಿಲ್ಲ. ಹತ್ತನೇದು ಬರೀಬೇಡ ಅಂತ ನನ್ನ ಜೊತೆ ಮಾತೇ ಬಿಟ್ಟಿದಾರೆ. ಬರೆದಿದ್ದು ನಾನು."

ಸದಸ್ಯರಿಬ್ಬರು ಏನೂ ತೋಚದೆ ಚಕ್ರಗಳನ್ನು ನೋಡುತ್ತಾ ನಿಂತಿದ್ದರು. ಕೊನೆಗೆ ಸಾಹೇಬರು ಎದ್ದು, ಅದು ಹಾಗೇ ಇರಲಿ, ಫಲಕದ ಮೇಲೂ ನಾಲ್ಕನೇ ಮಾದರಿ ಎಂದೇ ಬರೆಯಲಿ ಎಂದು ಮ್ಯಾನೇಜರಮ್ಮನಿಗೆ ಹೇಳಿದರು. ಮ್ಯಾನೇಜರಮ್ಮ ತಲೆಯಾಡಿಸಿದರು. ಅಷ್ಟಕ್ಕೆ ಎಲ್ಲ ಮುಗಿಯಿತು ಎನ್ನುವಂತೆ ಸಾಹೇಬರು ಬಾಗಿಲ ಕಡೆ ನಡೆದರು. ನಾನು ಅಡ್ಡ ಹೋಗಿ ನಿಂತೆ.

"ಇಲ್ಲಿ ಹೇಳಿದ್ದು ಸಾಲದು ಸಾಹೇಬ್ರೆ. ಅವರು ಕೊಟ್ಟ ಮಾತನ್ನ ನಾನು ಬಿಡಿಸೋಕಾಗಲ್ಲ, ಅಕ್ಕ ಬಿಡಿಸೋಕಾಗಲ್ಲ. ತಗೊಂಡವರು ನೀವು. ಮನೆಗೆ ಹೋಗಿ ವಾಪಸ್ಸು ಕೊಡಿ."

"ಸೋಮವಾರ ಅವರನ್ನ ವೇದಿಕೆಗೆ ಕರೆಸ್ತೀನಲ್ಲ."

"ಅವರಿಗೆ ಮಂಡಿ ಇಲ್ಲ, ಮೆಟ್ಟಿಲು ಹತ್ತಲ್ಲ. ನಿಮಗೆ ಇನ್ನೂ ಕಾಲಿದೆ. ಇವತ್ತೇ ಹೋಗಿ."

ಅವರು ಮನೆ ಎಲ್ಲಿ ಎಂದು ಕೇಳಿದರು. ಒಂದೇ ಊರಿನಲ್ಲಿ ಇಷ್ಟು ವರ್ಷ ಇದ್ದೂ ಅವರಿಗೆ ಮನೆ ಗೊತ್ತಿರಲಿಲ್ಲ. ಉಜ್ಜುಕಾಗದದ ಹಿಂಬದಿಯಲ್ಲಿ ದಾರಿ ಬರೆದುಕೊಟ್ಟೆ. ಮಾರುಕಟ್ಟೆ ದಾಟಿ ಎಡಕ್ಕೆ, ಹಸಿರು ಗೇಟು, ಎರಡನೇ ಬಾಗಿಲು. ಬಾಗಿಲು ತೆರೆಯುವವಳು ನನ್ನಕ್ಕ, ಮೊದಲು ನಿಮ್ಮ ಮುಖ ನೋಡುತ್ತಾಳೆ, ಹೆದರಿಸಬೇಡಿ, ಎಲ್ಲರೂ ಬದುಕಿದ್ದಾರೆ ಎಂದು ಮೊದಲು ಹೇಳಿ, ಆಮೇಲೆ ಒಳಗೆ ಹೋಗಿ ಎಂದೆ.